ನಾಗಬನದ ಪಟ್ಟಿ ಬರೆದ ಪಜೀತಿ

ಸುಳ್ಳು ಬರೆಯುವವನಿಗೆ ಇರುವುದು ಒಂದೇ ಕಷ್ಟ, ಯಾವತ್ತಾದರೂ ಸಿಕ್ಕಿಬೀಳುವುದು. ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ ಎಂದು ಹೊರಟವನಿಗೆ ಮಾತ್ರ ದಿನಕ್ಕೊಂದು ಹೊಸ ಕಷ್ಟ. ನಾಲ್ಕು ವರ್ಷ ಆ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ. ಆಗ ಬೆವರಿದ್ದೆ, ಈಗ ನೆನೆದರೆ ನಗು ಬರುತ್ತದೆ.

ನಾನು ಕೊಕ್ಕರ್ಣೆ ಕಡೆಯವನು. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಬೆಳಿಗ್ಗೆ ಎದ್ದು ಸ್ನಾನ, ಬಾಗಿಲು ಹಾಕಿಕೊಂಡು ಒಂದು ಗಂಟೆ ದೇವರ ಪೂಜೆ, ಆಮೇಲೆ ಡೈರಿಗೆ ಹಾಲು, ಆಮೇಲೆ ಗದ್ದೆ. ಇಷ್ಟರಲ್ಲೇ ನನ್ನ ಅರವತ್ತು ವರ್ಷ ಕಳೆದಿದೆ. ಅಕ್ಷರ ದುಂಡಗಿದೆ ಎಂಬ ಒಂದು ಹೆಸರು ಮಾತ್ರ ಊರಲ್ಲಿದೆ. ನಾಗರಪಂಚಮಿಯ ದಿನ ಭಟ್ಟರ ಜೊತೆ ಸಾಮಾನು ಹೊತ್ತುಕೊಂಡು ಮನೆಮನೆಯ ಬನಕ್ಕೆ ಹೋಗುವ ರೂಢಿ ಇರುವುದರಿಂದ ಎಲ್ಲರ ಗುರುತೂ ಇದೆ.

ಈ ಎರಡು ಕಾರಣಕ್ಕೆ ಬೈಂದೂರು ಕಡೆಯ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಡಾಕ್ಟರೇಟಿಗೆ ಓದುವವಳು. ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ತಾಲೂಕಿನ ನಾಗಬನಗಳಲ್ಲಿ ಯಾವ ಮರ, ಯಾವ ಬಳ್ಳಿ, ಯಾವ ಹಕ್ಕಿ, ಯಾವ ಕಪ್ಪೆ ಇದೆ ಎಂದು ಪಟ್ಟಿ ಮಾಡುವುದು ಅವಳ ಕೆಲಸ. ನಾಗನಿಗೆ ಹೆದರಿ ಬನದ ಕಡ್ಡಿಯನ್ನೂ ನಮ್ಮಲ್ಲಿ ಯಾರೂ ಮುರಿಯುವುದಿಲ್ಲವಲ್ಲ. ಬೇರೆ ಕಡೆ ಕಾಣೆಯಾದದ್ದು ಅಲ್ಲಿ ಉಳಿದಿರುತ್ತದೆ ಎಂದು ಅವಳ ಲೆಕ್ಕಾಚಾರ. ಆದರೆ ಗುರುತಿಲ್ಲದವರನ್ನು ಬನದ ಹತ್ತಿರ ಬಿಡುವವರು ಯಾರು?

"ಮಾವ, ನೀವ್ ಒಟ್ಟಿಗೆ ಬಂದ್ ಬರ್ದ್ ಕೊಟ್ರೆ ಸಾಕ್. ಬೈಕ್ ನಾನ್ ಬಿಡ್ತೆ" ಎಂದಳು.

ಅವಳ ಗೈಡ್ ಒಬ್ಬರು ಪ್ರೊಫೆಸರು, ಘಟ್ಟದ ಮೇಲಿನವರು. ಮೊದಲ ದಿನವೇ ಫೋನಿನಲ್ಲಿ ನನಗೂ ಕೇಳುವ ಹಾಗೆ ಹೇಳಿದ್ದರು: "ಮೂರು ತಾಲೂಕಿನದೂ ಕೂಡಿಸಿ ಒಂದೇ ಪಟ್ಟಿ ಆಗಬೇಕು. ಕಾಣದ್ದನ್ನು ಕಂಡೆ ಎಂದು ಬರೆದ ಒಂದೇ ಒಂದು ಸಾಲು ಸಿಕ್ಕಿದರೂ ನಾನು ಸಹಿ ಹಾಕುವುದಿಲ್ಲ." ಅವರ ಸಹಿ ಇಲ್ಲದಿದ್ದರೆ ಆ ಹುಡುಗಿಯ ಓದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ.

ವರ್ಷಕ್ಕೊಂದೇ ದಿನ ಹೂ ಬಿಡುವ ಕಾಡು

ಮೊದಲ ವರ್ಷದ ಪಟ್ಟಿಯನ್ನು ನಾನೊಬ್ಬನೇ ಬರೆದೆ. ಹುಡುಗಿಗೆ ಪರೀಕ್ಷೆ ಇತ್ತು. ದುಂಡಗೆ ಬರೆದು ಕೊಟ್ಟೆ. ವಾರದ ನಂತರ ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು.

"ಮಾವ, ಸರ್ ಫೋನ್ ಮಾಡಿದ್ರ್. ನಮ್ ಬನದ್ ಗಿಡ ಎಲ್ಲ ವರ್ಷಕ್ಕೆ ಒಂದೇ ದಿನ ಹೂ ಬಿಡತ್ತ್ ಅಂಬ್ರ್. ಹಕ್ಕಿ ಬಪ್ಪುದೂ ಅದೇ ದಿನ. ಉಳ್ದ್ ದಿನ ಒಂದ್ ಹುಳವೂ ಇಲ್ಲೆ. ಇದ್ ಹ್ಯಾಂಗೆ?"

"ಪಂಚಮಿ ಬಿಟ್ಟ್ ಬೇರೆ ದಿನ ಬನದೊಳ್ಗೆ ಹೋಪುದ್ ಯಾರ್ ಮಗಾ?" ಎಂದೆ.

ನಾನು ಬರೆದದ್ದು ಸುಳ್ಳಲ್ಲ. ಹೋದದ್ದು ಪಂಚಮಿಯಂದು, ಕಂಡದ್ದು ಪಂಚಮಿಯಂದು, ಬರೆದದ್ದೂ ಅದನ್ನೇ. ಹಾಗೆಂದು ಅವಳ ಕೆಲಸ ಆಗಬೇಕಲ್ಲ? ಭಟ್ಟರನ್ನು ಕೇಳಿದೆವು. ಅವರು ಎಲೆ ಅಡಿಕೆ ಜಗಿಯುತ್ತ ಕೊಂಚ ಯೋಚಿಸಿ, "ಒಳ್ಗೆ ಹೋದ್ರೆ ಅಲ್ದಾ ದೋಷ? ಹೊರ್ಗ್ ನಿಂತ್ ಕಾಂಬುಕೆ ಯಾರ್ ಬ್ಯಾಡ ಅಂದದ್ದ್?" ಎಂದರು. ಅವತ್ತಿನಿಂದ ತಿಂಗಳಿಗೊಮ್ಮೆ ಬನದ ಪಾಗಾರದ ಗೋಡೆಯ ಹೊರಗೆ ನಿಂತು ಅವಳು ದುರ್ಬೀನು ಹಿಡಿದಳು, ನಾನು ಪುಸ್ತಕ ಹಿಡಿದೆ.

ಅಷ್ಟರಲ್ಲೇ ಮುಗಿಯಲಿಲ್ಲ. ಹಳೆಯ ಪಟ್ಟಿಯನ್ನು ಸಾಲು ಸಾಲಾಗಿ ಓದುತ್ತಿದ್ದವಳು ಒಂದು ಕಡೆ ನಿಂತಳು.

"ಮಾವ, ಇಲ್ಲೆಲ್ಲ ಸೇವಂತಿಗೆ ಅಂದ್ಹೇಳಿ ಬರ್ದಿದ್ರಿ. ಹದ್ನಾರ್ ಬನದಲ್ಲೂ ಇತ್ತ್. ಸೇವಂತಿಗೆ ಈ ಕಾಡಂಗೆ ಬೆಳೂತ್ತಾ?"

"ನಾಗನ್ ಕಲ್ಲಿನ್ ಮೇಲ್ ಇತ್ತ್ ಮಗಾ. ಕಣ್ಣಾರೆ ಕಂಡಿದೆ."

"ಬೆಳ್ದದ್ದಾ?"

"ಬೆಳ್ದದ್ದಲ್ಲ. ಬಸ್ಸಂಗೆ ಬಂದದ್ದ್."

ಒಂದು ಮರ, ಎರಡು ಮನೆ

ಕೋಟದ ಹತ್ತಿರ ಒಂದು ಬನ. ಅಣ್ಣನ ಮನೆ ಬನದ ಮೂಡುಬದಿಗೆ, ತಮ್ಮನ ಮನೆ ಪಡುಬದಿಗೆ. ಇಬ್ಬರ ನಡುವೆ ಮಾತು ನಿಂತು ಹತ್ತು ವರ್ಷ. ನಮಗೆ ಇದು ಗೊತ್ತಿರಲಿಲ್ಲ. ಒಂದು ದಿನ ಅಣ್ಣನವರು ಕರೆದು, ಅವಲಕ್ಕಿ ಚಹಾ ಕೊಟ್ಟು, ಮೂಡುಬದಿಯಿಂದ ಬನ ತೋರಿಸಿದರು. ಮತ್ತೊಂದು ದಿನ ತಮ್ಮನವರು ಕರೆದು, ದೋಸೆ ಕೊಟ್ಟು, ಪಡುಬದಿಯಿಂದ ತೋರಿಸಿದರು. ಗದ್ದೆಯ ಸುತ್ತು ಬಳಸಿ ಬೇರೆ ದಾರಿಯಲ್ಲಿ ಹೋದದ್ದರಿಂದ ನನಗೂ ಅಂದಾಜಾಗಲಿಲ್ಲ. ಎರಡು ಬನ ಎಂದೇ ಬರೆದೆ.

ಪಟ್ಟಿ ಕೂಡಿಸುವಾಗ ಹುಡುಗಿಗೆ ಸಂಶಯ ಬಂತು. ಎರಡು ಬನದಲ್ಲೂ ಒಂದೊಂದು ದೊಡ್ಡ ಹೊನ್ನೆ ಮರ. ಇಬ್ಬರೂ ಹೇಳಿದ ಸುತ್ತಳತೆ ಒಂದೇ. ಸಿಡಿಲು ಬಡಿದ ಕೊಂಬೆಯೂ ಒಂದೇ. ಹೋಗಿ ವಿಚಾರಿಸಿದಾಗ ನಿಜ ತಿಳಿಯಿತು.

"ಎಂತ ಮಾಡುದ್ ಮಾವ? ಒಂದ್ ಮರ ಎರಡ್ ಸಲ ಬಂದ್ರೆ ಪಟ್ಟಿಯೇ ಸುಳ್ಳಾತ್ತ್. ಒಂದ್ ಹೆಸ್ರ್ ತೆಗೀಕ್."

ಯಾರ ಹೆಸರು ತೆಗೆಯುವುದು? ಒಬ್ಬರದು ತೆಗೆದರೆ ಅವರು ನಾಳೆಯಿಂದ ಗೇಟು ಹಾಕುತ್ತಾರೆ. ಕೊನೆಗೆ ಅವಳೇ ಉಪಾಯ ಹೇಳಿದಳು. ಮನೆಯ ಹೆಸರೇ ಬೇಡ, ಎಲ್ಲ ಬನಕ್ಕೂ ಬರೀ ನಂಬರು. ಇಬ್ಬರೂ ಒಪ್ಪಿದರು. ಇನ್ನೇನು ಮುಗಿಯಿತು ಎನ್ನುವಾಗ ಅವಳಿಗೆ ಮತ್ತೊಂದು ನೆನಪಾಯಿತು. ಆ ಹೊನ್ನೆ ಮರದ ಪೊಟರೆಯಲ್ಲಿ ಒಂದು ಗೂಬೆ ಕುಳಿತದ್ದನ್ನು ಅವಳೇ ಕಂಡಿದ್ದಳು. ಎರಡು ಪಟ್ಟಿಯಲ್ಲೂ ಗೂಬೆ ಇಲ್ಲ! ಎರಡು ಮನೆಯವರೂ ಅದನ್ನು ಬರೆಯಬೇಡಿ ಎಂದು ನನಗೆ ಕೈಮುಗಿದು ಹೇಳಿದ್ದರು. ಗೂಬೆ ಮನೆಗೆ ಒಳ್ಳೆಯದಲ್ಲವಲ್ಲ. ನಾನೂ ಪಾಪ ಎಂದು ಬಿಟ್ಟಿದ್ದೆ.

"ಬಿಡುದೂ ಸುಳ್ಳೇ ಮಾವ" ಎಂದಳು.

ಸರಿ, ಪುನಃ ಅಣ್ಣನ ಮನೆಗೆ. ವಿಷಯ ಕೇಳಿ ಅವರು ಜಗಲಿಯಿಂದ ಎದ್ದೇ ನಿಂತರು. "ಕಾಣಿ, ಮರ ನಮ್ದ್. ಗೂಬಿ ಆಚಿ ಮನಿಯವ್ರದ್ದ್."

ಗದ್ದೆ ಬಳಸಿ ತಮ್ಮನ ಮನೆಗೆ. ಅವರು ಕುಳಿತಲ್ಲಿಂದಲೇ ಕೈ ಬೀಸಿದರು. "ಮರ ನಮ್ದ್. ಗೂಬಿ ಆಚಿ ಮನಿಯವ್ರದ್ದ್."

ಹತ್ತು ವರ್ಷದಲ್ಲಿ ಅಣ್ಣ ತಮ್ಮ ಇಬ್ಬರೂ ಅಕ್ಷರ ತಪ್ಪದೆ ಒಂದೇ ಮಾತು ಆಡಿದ್ದು ಅದೊಂದೇ ಸಲವಂತೆ.

ಮುಂಬೈ ಮತ್ತು ಕಪ್ಪೆ

ಕುಂದಾಪುರದ ಹತ್ತಿರ ಒಂದು ಬನದಲ್ಲಿ ಮಳೆಗಾಲದ ಕಪ್ಪೆಯನ್ನು ದಿನಾ ನೋಡಿ ಬರೆಯುವುದೆಂದು ಆಗಿತ್ತು. ಆ ಮನೆಯ ಯಜಮಾನರೇ ಒಪ್ಪಿಕೊಂಡು, ದಿನಾ ಬೆಳಿಗ್ಗೆ ಬನದ ಬದಿಗೆ ಹೋಗಿ ಚೀಟಿ ಬರೆದು ಇಡುತ್ತಿದ್ದರು. ಬಹಳ ನಿಯಮದ ಮನುಷ್ಯ. ಒಂದು ಆಷಾಢದಲ್ಲಿ ಹತ್ತು ದಿನ ಸಾಲಾಗಿ ಚೀಟಿ ಖಾಲಿ ಬಂತು. ಹನ್ನೊಂದನೆಯ ದಿನ ಪುನಃ ಕಪ್ಪೆಯೋ ಕಪ್ಪೆ.

ಪ್ರೊಫೆಸರು ಬಿಡಲಿಲ್ಲ. "ಒಳ್ಳೆಯ ಮಳೆ ಇದ್ದ ಹತ್ತು ದಿನ ಕಪ್ಪೆ ಎಲ್ಲಿ ಹೋಯಿತು? ಖಾಲಿ ಎಂದರೆ ಇಲ್ಲ ಎಂದೋ, ನೋಡಲಿಲ್ಲ ಎಂದೋ? ಕಾರಣ ಬರೆದು ಕಳಿಸಿ" ಎಂದರು.

ನಾನು ಹೋಗಿ ಕೇಳಿದೆ. ಆ ಮನೆಯವರ ಚಿಕ್ಕಪ್ಪ ಮುಂಬೈಯಲ್ಲಿ ಹೋಟೆಲು ಇಟ್ಟುಕೊಂಡಿದ್ದವರು, ಅಲ್ಲೇ ತೀರಿಕೊಂಡಿದ್ದರು. ಸೂತಕದಲ್ಲಿ ಬನದ ಕಡೆ ಕಾಲಿಡುವುದುಂಟೇ? ನಾನು ಕಾರಣದ ಜಾಗದಲ್ಲಿ ದುಂಡಗೆ ಬರೆದೆ: 'ಮುಂಬೈಯಲ್ಲಿ ಚಿಕ್ಕಪ್ಪ ತೀರಿಹೋದ ಕಾರಣ.'

ಮರುದಿನವೇ ನನಗೆ ಫೋನು ಬಂತು. ಪ್ರೊಫೆಸರ ದನಿ ಮೆತ್ತಗಿತ್ತು. "ಕೇಳಿ ಬೇಸರವಾಯಿತು. ಆದರೆ ಯಜಮಾನರೇ, ಕಪ್ಪೆಗಳಿಗೆ ಅವರು ಹೇಗೆ ಸಂಬಂಧ?"

ಚಟ್ಟಿ ಸಮೇತ

ಬೈಂದೂರು ಕಡೆ ಒಂದು ಮನೆ. ಅಲ್ಲಿಯ ಅಜ್ಜಿಗೆ ಎಂಬತ್ತು ದಾಟಿದೆ, ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾವು ಬನ ನೋಡಿ ಬಂದು ಜಗಲಿಯಲ್ಲಿ ಕುಳಿತ ಕೂಡಲೇ ಕೇಳಿದರು.

"ಹ್ವಾಯ್, ನಮ್ ಬನದಂಗೆ ಎಷ್ಟ್ ನಮೂನಿ ಗಿಡ ಆಯ್ತ್?"

"ನಲ್ವತ್ತೊಂದು ಅಮ್ಮ" ಎಂದೆ.

"ಆಚಿ ಬೈಲಿನವ್ರದ್ದ್?"

ಸುಳ್ಳು ಹೇಳುವ ಹಾಗಿಲ್ಲ. "ನಲ್ವತ್ತೆರಡು."

ಅಜ್ಜಿ ಕುಡಿಯಲು ಮಜ್ಜಿಗೆ ಕೊಟ್ಟರು, ಅದಕ್ಕೆ ಉಪ್ಪು ಹಾಕುವುದನ್ನೇ ಮರೆತರು. ಅಷ್ಟು ನೋವಾಗಿತ್ತು. ಮುಂದಿನ ತಿಂಗಳು ನಾವು ಹೋದಾಗ ಅವರೇ ಕೋಲು ಊರಿಕೊಂಡು ಮುಂದೆ ಮುಂದೆ ನಡೆದರು. ಬನದ ಪಾಗಾರದ ಬದಿಯಲ್ಲಿ, ಹಾಡಿಯ ಕಾಡುಗಿಡಗಳ ನಡುವೆ, ಕೆಂಪು ಹಳದಿ ಎಲೆಯ ಒಂದು ಚಂದದ ಗಿಡ.

"ಕಾಣಿ, ಇದನ್ನ್ ಆವತ್ತ್ ಬಿಟ್ಟಿದ್ರಿ. ಬರ್ಕಣಿ. ಇನ್ನ್ ಎರಡ್ ಇತ್ತ್ ಅಲ್ಲಿ."

ಹುಡುಗಿ ಬಗ್ಗಿ ನೋಡಿದಳು. ಎಲೆಗಳ ಅಡಿಯಲ್ಲಿ ನರ್ಸರಿಯ ಕಪ್ಪು ಚಟ್ಟಿ, ಅಂದರೆ ಗಿಡದ ಕುಂಡ, ಕಾಣುತ್ತಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಆಕಾಶ ನೋಡಿದೆ. ಕೊನೆಗೆ ಅವಳೇ ಅಜ್ಜಿಯ ಕೈ ಹಿಡಿದು, "ಅಮ್ಮ, ತಂದಿಟ್ಟದ್ದನ್ನ್ ಬರೂಕಾತಿಲ್ಲೆ. ನಿಮ್ ಬನದಂಗೆ ಒಂದ್ ಬಳ್ಳಿ ಇತ್ತ್, ಅದ್ ಮೂರ್ ತಾಲೂಕಂಗೆ ಬೇರೆಲ್ಲೂ ಸಿಕ್ಕಲಿಲ್ಲೆ. ಅದ್ ಆಚಿ ಬೈಲಿನವ್ರಲ್ಲಿ ಇಲ್ಲೆ" ಎಂದಳು.

ಅಜ್ಜಿಯ ಮುಖ ಹೂವಿನ ಹಾಗೆ ಅರಳಿತು. ಒಳಗೆ ತಿರುಗಿ ಸೊಸೆಗೆ ಕೂಗಿದರು: "ಹೆಣ್ಣೇ, ಚಟ್ಟಿ ಮೂರನ್ನೂ ಒಳ್ಗ್ ತಕಂಡ್ ಹೋಗ್. ಗೆದ್ದ್ ಆಯ್ತ್."

ಹತ್ತು ಇಲ್ಲದ ತಾಲೂಕು

ಇದು ನನ್ನದೇ ತಪ್ಪು, ಬ್ರಹ್ಮಾವರದಲ್ಲಿ ಗಿಡ ಎಣಿಸುವುದು ನನ್ನೊಬ್ಬನ ಪಾಲಿಗೆ ಬಂದಿತ್ತು. ಒಂದು ದಿನ ಪ್ರೊಫೆಸರು ಫೋನಿನಲ್ಲಿ ನನ್ನನ್ನೇ ಕೇಳಿದರು.

"ಯಜಮಾನರೇ, ನಿಮ್ಮ ಲೆಕ್ಕದಲ್ಲಿ ಹನ್ನೊಂದು ಸುರಗಿ ಗಿಡ ಇದೆ, ಇಪ್ಪತ್ತೊಂದು ಇದೆ, ಐವತ್ತೊಂದೂ ಇದೆ. ಹತ್ತು, ಇಪ್ಪತ್ತು, ಐವತ್ತು ಎಲ್ಲಿಯೂ ಇಲ್ಲ. ನಾಲ್ಕು ವರ್ಷದಲ್ಲಿ ಇಡೀ ಬ್ರಹ್ಮಾವರ ತಾಲೂಕಿನಲ್ಲಿ ಯಾವುದೂ ಸರಿಯಾಗಿ ಹತ್ತು ಸಿಗಲಿಲ್ಲವಾ? ಇದು ಕೂತಲ್ಲೇ ಕಟ್ಟಿದ ಲೆಕ್ಕದ ಹಾಗೆ ಕಾಣುತ್ತದೆ."

ಪಕ್ಕದಲ್ಲಿ ಹುಡುಗಿಯ ಕಣ್ಣಲ್ಲಿ ನೀರು ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಿಧಾನಕ್ಕೆ ಹೇಳಿದೆ.

"ಸರ್, ನಮ್ಮಲ್ಲಿ ಸೊನ್ನೆಗೆ ನಿಲ್ಲಿಸುವ ಕ್ರಮ ಇಲ್ಲ. ಮದುವೆಗೆ ಕೊಡುವುದಾದರೂ ನೂರಕ್ಕೆ ಒಂದು ಸೇರಿಸಿ ಕೊಡುತ್ತೇವೆ. ದೇವರ ಬನದ ಲೆಕ್ಕವನ್ನು ಸೊನ್ನೆಗೆ ನಿಲ್ಲಿಸಲು ಮನಸ್ಸು ಬರಲಿಲ್ಲ."

"ಅಂದರೆ ಇಲ್ಲದ ಒಂದನ್ನು ಸೇರಿಸಿದಿರಿ?"

"ಶಿವ ಶಿವ! ಇಲ್ಲದ್ದನ್ನು ಬರೆಯಲಿಕ್ಕುಂಟೇ? ಹತ್ತು ಆದ ಮೇಲೆ ಹನ್ನೊಂದನೆಯದು ಸಿಗುವವರೆಗೆ ಹುಡುಕುತ್ತಿದ್ದೆ."

"ಸಿಗದಿದ್ದರೆ?"

"ಒಂಬತ್ತನ್ನು ಒಂದು ಸಾಲಿನಲ್ಲಿ ಬರೆದು, ಉಳಿದ ಒಂದನ್ನು ಕೆಳಗಿನ ಸಾಲಿನಲ್ಲಿ ಬರೆಯುತ್ತಿದ್ದೆ."

ಹುಡುಕುವುದಾದರೆ ಎಲ್ಲ ಕಡೆಯೂ ಒಂದೇ ಸಮ ಹುಡುಕಬೇಕು, ಹತ್ತಕ್ಕೆ ಬಂದಲ್ಲಿ ಮಾತ್ರ ಹೆಚ್ಚು ಹುಡುಕಬಾರದು ಎಂದು ಅವರು ತಾಳ್ಮೆಯಿಂದ ತಿಳಿಸಿದರು. ನ್ಯಾಯದ ಮಾತೇ. ಆ ಮಳೆಗಾಲ ಪೂರ್ತಿ ಹುಡುಗಿಯೂ ನಾನೂ ಕೊಡೆ ಹಿಡಿದುಕೊಂಡು ಬ್ರಹ್ಮಾವರದ ಬನಗಳನ್ನೆಲ್ಲ ಪುನಃ ಎಣಿಸಿದೆವು. ಮೊದಲನೆಯ ಬನದಲ್ಲೇ ಸುರಗಿ ಸರಿಯಾಗಿ ಹತ್ತು! ಕಣ್ಣು ಮುಚ್ಚಿ 'ಹತ್ತು' ಎಂದು ಬರೆದೆ. ಬರೆದು, ಅದರ ಪಕ್ಕದಲ್ಲಿ ಪೆನ್ನಿನಿಂದ ಸಣ್ಣದೊಂದು ಚುಕ್ಕಿ ಇಟ್ಟೆ.

"ಇದೆಂತಕ್ಕೆ ಮಾವ?"

"ಅದ್ ಪಟ್ಟಿಗಲ್ಲ ಮಗಾ. ನನ್ ಸಮಾಧಾನಕ್ಕೆ."

ಎಲ್ಲ ಬನದಲ್ಲೂ ಇದ್ದದ್ದು

ಕೊನೆಗೂ ಪಟ್ಟಿ ಒಂದಾಯಿತು. ನನ್ನ ಪುಸ್ತಕಗಳನ್ನೆಲ್ಲ ಬ್ರಹ್ಮಾವರದ ಒಂದು ಟೈಪಿಂಗ್ ಅಂಗಡಿಗೆ ಕೊಟ್ಟಿದ್ದೆವು. ಒಂದು ಸಾಲನ್ನೂ ಬಿಡಬಾರದು, ಇದ್ದದ್ದನ್ನು ಇದ್ದ ಹಾಗೆಯೇ ಹೊಡೆಯಬೇಕು ಎಂದು ಹುಡುಗಿ ಮೂರು ಮೂರು ಸಲ ಹೇಳಿ ಬಂದಿದ್ದಳು. ಸಹಿಗೆ ಮೊದಲು ಬರೆದವನನ್ನು ಕಣ್ಣಾರೆ ನೋಡಬೇಕೆಂದು ಪ್ರೊಫೆಸರು ತಾವೇ ನಮ್ಮ ಮನೆಗೆ ಬಂದರು.

ಕಾರು ಬಂದದ್ದು ನೋಡಿ ನೆರೆಹೊರೆಯವರೂ ನಾಲ್ಕು ಜನ ಬಂದು ಜಗಲಿಯಲ್ಲಿ ಕುಳಿತರು. ನನ್ನ ಹೆಂಡತಿ ಎಲ್ಲರಿಗೂ ಬೆಲ್ಲ ನೀರು ಕೊಟ್ಟು ಬಾಗಿಲ ಮರೆಯಲ್ಲಿ ನಿಂತಳು. ಪ್ರೊಫೆಸರು ಲ್ಯಾಪ್‌ಟಾಪು ತೆರೆದು, ಯಾವುದು ಅತಿ ಹೆಚ್ಚು ಬನಗಳಲ್ಲಿ ಸಿಕ್ಕಿದೆಯೋ ಅದು ಮೊದಲು ಬರುವ ಹಾಗೆ ಪಟ್ಟಿಯನ್ನು ಜೋಡಿಸಿದರು. ಓದಲು ಬಾಯಿ ತೆರೆದವರು ಹಾಗೆಯೇ ನಿಂತರು.

"ಶ್ರೀ?"

ಪ್ರೊಫೆಸರು ಆ ಸಾಲನ್ನು ಕೊನೆಯವರೆಗೂ ನೋಡಿದರು.

"ಎಲ್ಲ ಬನದಲ್ಲೂ ಇದೆ. ಎಲ್ಲ ತಿಂಗಳೂ ಇದೆ. ಮಳೆಗಾಲದಲ್ಲೂ ಇದೆ, ಬೇಸಿಗೆಯಲ್ಲೂ ಇದೆ. ಇದೇನಮ್ಮಾ ಈ ಶ್ರೀ, ಗಿಡವೋ, ಪ್ರಾಣಿಯೋ?"

"ಎರಡ್ರಂಗೂ ಇತ್ತ್ ಅಂಬ್ರ್ ಸ್ವಾಮಿ" ಎಂದರು ಮೂಲೆಯಲ್ಲಿದ್ದ ನೆರೆಮನೆಯ ಹಿರಿಯರು.

"ಸಂಖ್ಯೆಯ ಜಾಗ ಯಾಕೆ ಖಾಲಿ?"

"ಅದನ್ನ್ ಎಣ್ಸಿದವ್ರ್ ಯಾರ್ ಇದ್ರ್?"

ನನಗೆ ಆಗ ಹೊಳೆಯಿತು. ಶಾಲೆಯಲ್ಲಿ ಸ್ಲೇಟು ಹಿಡಿದ ದಿನದಿಂದ ನನ್ನದೊಂದು ಅಭ್ಯಾಸ. ಯಾವ ಹಾಳೆಯೇ ಆಗಲಿ, ಮೊದಲ ಸಾಲಿನಲ್ಲಿ 'ಶ್ರೀ' ಎಂದು ಬರೆಯದೆ ಎರಡನೆಯ ಸಾಲಿಗೆ ಕೈ ಇಳಿಯುವುದಿಲ್ಲ. ಟೈಪಿಂಗ್ ಅಂಗಡಿಯ ಹೆಣ್ಣುಮಗಳು ಪಾಪ, ಹೇಳಿದ ಮಾತಿನಂತೆ ಒಂದು ಸಾಲನ್ನೂ ಬಿಟ್ಟಿರಲಿಲ್ಲ.

ಹುಡುಗಿ ಬಿಳಿಚಿಕೊಂಡಿದ್ದಳು. ಪ್ರೊಫೆಸರು ಪರದೆಯ ಮೇಲೆ ಬೆರಳಿಟ್ಟರು. "ಕಂಡವರು ಎನ್ನುವ ಜಾಗದಲ್ಲಿ ನಿಮ್ಮ ಹೆಸರಿದೆ ಯಜಮಾನರೇ. ಪ್ರತಿ ಸಲವೂ ಇದೆ. ನೀವು ಇದನ್ನು ಕಂಡಿದ್ದೀರಾ?"

ಏನು ಹೇಳಲಿ? ಕಂಡಿದ್ದೇನೆ, ಅವನಿಲ್ಲದ ಜಾಗ ಯಾವುದು ಎಂದು ಹರಿಕಥೆಯವರ ಹಾಗೆ ಹೇಳಿಬಿಡಬಹುದು. ಜಗಲಿಯವರೆಲ್ಲ ತಲೆದೂಗಿಯಾರು. ಕಂಡಿಲ್ಲ ಎಂದರೆ, ಕಾಣದ್ದನ್ನು ಬರೆದ ಸಾಲು ಒಂದಲ್ಲ, ನೂರಾರು; ಆ ಹುಡುಗಿಯ ನಾಲ್ಕು ವರ್ಷ ನನ್ನ ಬಾಯಿಂದಲೇ ಹೋಯಿತು. ಒಳಗೆ ದೇವರ ಕೋಣೆಯ ಕಡೆ ಒಮ್ಮೆ ನೋಡಿದೆ. ಅಲ್ಲಿಂದ ಏನೂ ಸಹಾಯ ಬರಲಿಲ್ಲ.

"ಇಲ್ಲ ಸರ್" ಎಂದೆ. "ಬರೆದದ್ದು ನಾನೇ. ಹಾಳೆಯ ತಲೆಗೆ ಬರೆಯುವುದು ಅಭ್ಯಾಸ. ಕಣ್ಣಿಗೆ ಕಂಡದ್ದು ಮಾತ್ರ ಇದುವರೆಗೆ ಇಲ್ಲ."

ನಗುವಿನಿಂದ ಪ್ರೊಫೆಸರ ಹೊಟ್ಟೆ ಕುಲುಕಲು ಶುರುವಾಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಪೆನ್ನು ಕೊಡಮ್ಮಾ" ಎಂದು ಹುಡುಗಿಯ ಕಡೆ ಕೈ ಚಾಚಿದರು. "ಹಾಳೆಯ ತಲೆಬರಹ ಪಟ್ಟಿಗೆ ಸೇರುವುದಿಲ್ಲ, ಅದನ್ನು ತೆಗೆದರಾಯಿತು. ದೇವರ ವಿಷಯದಲ್ಲೇ ಕಾಣದ್ದನ್ನು ಕಂಡೆ ಎನ್ನದ ಮನುಷ್ಯ, ಕಪ್ಪೆ ವಿಷಯದಲ್ಲಿ ಸುಳ್ಳು ಹೇಳುತ್ತಾನಾ?"

ಸಹಿ ಬಿತ್ತು. ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನೆರೆಯವರು ಭಲೇ ಎಂದರು. ನಾನೂ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಕಾರನ್ನು ಕಳಿಸಿಕೊಟ್ಟು ಒಳಗೆ ಬಂದೆ. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಅಲ್ಲ, ದಿನಾ ಒಂದ್ ಗಂಟಿ ಬಾಗ್ಲ್ ಹಾಯ್ಕಂಡ್ ಪೂಜಿ ಮಾಡ್ತ್ರಿ, ನಾನ್ ಚಾ ಬಿಸಿ ಮಾಡಿ ಮಾಡಿ ಕಾಯ್ತೆ. ಇಷ್ಟ್ ವರ್ಷ ಆದ್ರೂ ಒಂದ್ಸಲವೂ ಕಾಂಬುಕೆ ಸಿಕ್ಕಲಿಲ್ಲೆ ಅಂದ್ಹೇಳಿ ಊರೆದ್ರಿಗೆ ಹೇಳ್ತ್ರಿಯಲೆ, ಹಾಂಗಾರೆ ಒಳ್ಗ್ ಕೂಕಂಡ್ ಮಾಡುದ್ ಎಂತ?"